ಕಾಯಿಲೆಗಿಂತ ಭಾರವಾದ ಹೆಸರು

ಹಳ್ಳಿಯ ಆರೋಗ್ಯ ಕೇಂದ್ರದ ಜಗುಲಿಯ ಮೇಲೆ ಸರದಿಗಾಗಿ ಕಾದು ಕುಳಿತವರನ್ನು ಏನು ತೊಂದರೆಯೆಂದು ವಿಚಾರಿಸಿದರೆ ಬರುವ ಉತ್ತರಗಳೆಲ್ಲ ದೇಹಕ್ಕೆ ಸಂಬಂಧಿಸಿದವುಗಳೇ. ತಲೆ ಭಾರ, ಎದೆ ಉರಿ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಸೆಳೆತ. ಊಟ ಸೇರದು, ನಿದ್ದೆ ಹತ್ತದು, ಮೈಯಲ್ಲಿ ಕಸುವಿಲ್ಲ. ಇವರಲ್ಲಿ ಕೆಲವರಿಗೆ ರಕ್ತಪರೀಕ್ಷೆ ಮುಗಿದಿರುತ್ತದೆ, ಎಕ್ಸ್‌ರೇ ಮುಗಿದಿರುತ್ತದೆ, ಪೇಟೆಯ ದೊಡ್ಡ ಆಸ್ಪತ್ರೆಯ ದರ್ಶನವೂ ಆಗಿರುತ್ತದೆ. ಎಲ್ಲಿಯೂ ದೋಷ ಕಂಡುಬಂದಿರುವುದಿಲ್ಲ, ನೋವು ಮಾತ್ರ ಹೋಗಿರುವುದಿಲ್ಲ. ಮನಸ್ಸಿಗೇನಾದರೂ ಬೇಸರವಿದೆಯೇ ಎಂದು ವೈದ್ಯರು ಮೆಲ್ಲಗೆ ಕೇಳಿದರೆ, ‘ಅಂಥಾದ್ದೇನೂ ಇಲ್ಲರಿ, ನಾವು ಚಲೋ ಮನೆತನದವರು’ ಎಂಬ ಉತ್ತರ ಥಟ್ಟನೆ ಬರುತ್ತದೆ. ಕೇಳಿದ್ದು ಮನಸ್ಸಿನ ವಿಚಾರವನ್ನು, ಉತ್ತರ ಬಂದದ್ದು ಮನೆತನದ ವಿಚಾರದಲ್ಲಿ. ಈ ಸಂಚಿಕೆಯಲ್ಲಿ ನಾವು ಚಿಂತಿಸಬೇಕೆಂದಿರುವುದು ಈ ಎರಡರ ನಡುವಣ ಸಂಬಂಧವನ್ನೇ.

ಹೀಗೆ ಉತ್ತರಿಸುವವರು ಸುಳ್ಳು ಹೇಳುತ್ತಿದ್ದಾರೆಂದು ಭಾವಿಸಬಾರದು. ಅವರ ತಲೆ ನಿಜವಾಗಿಯೂ ಭಾರವಾಗಿರುತ್ತದೆ, ಎದೆ ನಿಜವಾಗಿಯೂ ಉರಿಯುತ್ತಿರುತ್ತದೆ. ಮನಸ್ಸಿನ ಸ್ಥಿತಿಯನ್ನು ದೇಹದ ಮಾತಿನಲ್ಲಿ ಹೇಳುವುದು ನಮ್ಮ ಭಾಷೆಗೆ ಹೊಸದೂ ಅಲ್ಲ. ಧೈರ್ಯ ಕಳೆದುಕೊಂಡವನನ್ನು ಎದೆಗುಂದಿದವನೆನ್ನುತ್ತೇವೆ, ಅಸೂಯೆಯನ್ನು ಹೊಟ್ಟೆಕಿಚ್ಚೆನ್ನುತ್ತೇವೆ, ಮಕ್ಕಳ ಸಂಕಟ ಕಂಡಾಗ ಕರುಳು ಚುರ್ ಎನ್ನುತ್ತದೆ. ಮನಸ್ಸು ದೇಹದಿಂದ ಬೇರೆಯೇ ಆದ ವಸ್ತುವೆಂದು ನಮ್ಮ ಹಿರಿಯರು ಬಗೆದಿರಲಿಲ್ಲ. ಅದರಲ್ಲಿ ದೊಡ್ಡ ವಿವೇಕವಿದೆ ಎಂದೇ ನಮ್ಮ ನಂಬಿಕೆ. ಆದರೆ ದೇಹದ ಮಾತು ಒಂದು ದಾರಿಯಾಗಿ ಉಳಿಯದೆ ಒಂದೇ ದಾರಿಯಾದಾಗ, ಮನಸ್ಸಿನ ಮಾತಿಗೆ ಬಾಗಿಲು ಮುಚ್ಚಿದಾಗ, ತೊಂದರೆ ಆರಂಭವಾಗುತ್ತದೆ.

ಈ ಬಾಗಿಲನ್ನು ಮುಚ್ಚುವವರು ಯಾರು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಆರ್. ರಘುರಾಮ್ ಮತ್ತು ಅವರ ಸಂಗಡಿಗರು ನಡೆಸಿ 1996ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತದೆ. ಅಲ್ಲಿಗೆ ಚಿಕಿತ್ಸೆಗೆ ಬಂದವರೊಡನೆ ಅವರು ದೀರ್ಘವಾಗಿ ಮಾತನಾಡಿ, ತಮ್ಮ ಕಾಯಿಲೆಯ ಬಗ್ಗೆ ರೋಗಿಗಳಿಗೆ ಎಷ್ಟು ಅವಮಾನವೆನಿಸುತ್ತದೆ ಎಂಬುದನ್ನು ಅಳೆದು ನೋಡಿದರು. ಖಿನ್ನತೆ ಹೆಚ್ಚಿದ್ದವರಲ್ಲಿ ಅವಮಾನದ ಭಾವ ಹೆಚ್ಚಾಗಿತ್ತು. ಮೈನೋವಿನಂಥ ದೈಹಿಕ ಲಕ್ಷಣಗಳು ಹೆಚ್ಚಿದ್ದವರಲ್ಲಿ ಅದು ಕಡಿಮೆಯಾಗಿತ್ತು. ರೋಗಿಗಳ ವಿವರಣೆ ಸರಳವಾಗಿತ್ತು. ಮೈಕೈ ನೋವು ಯಾರಿಗೆ ಬರುವುದಿಲ್ಲ? ಅದು ಎಲ್ಲರಿಗೂ ಎಂದಾದರೊಮ್ಮೆ ಬರುವಂಥದ್ದು, ಹೇಳಿಕೊಂಡರೆ ಮಾನಕ್ಕೇನೂ ಕುಂದಿಲ್ಲ. ಆದರೆ ‘ಬದುಕು ಬೇಡವೆನಿಸುತ್ತದೆ’, ‘ಕಾರಣವಿಲ್ಲದೆ ಅಳು ಬರುತ್ತದೆ’ ಎಂದು ಹೇಳಿಕೊಂಡರೆ ನಾಲ್ಕು ಜನರ ನಡುವೆ ತಲೆಯೆತ್ತಿ ನಡೆಯುವಂತಿಲ್ಲ. ಹೀಗೆ ಯಾವ ನೋವನ್ನು ಹೇಳಬಹುದು, ಯಾವುದನ್ನು ನುಂಗಿಕೊಳ್ಳಬೇಕು ಎಂಬುದನ್ನು ನಿಶ್ಚಯಿಸುವುದು ರೋಗವಲ್ಲ, ಸಮಾಜ.

ಇದಕ್ಕೆಲ್ಲ ಮೂಲ ಒಂದು ಹೆಸರು: ಹುಚ್ಚು. ಉತ್ತರ ಕರ್ನಾಟಕದಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ ‘ಇವನನ್ನ ಧಾರವಾಡಕ್ಕೆ ಕಳಿಸಬೇಕು’ ಎಂದು ನಗುತ್ತಾರೆ. ದಕ್ಷಿಣದಲ್ಲಿ ಅದೇ ನಗೆಗೆ ನಿಮ್ಹಾನ್ಸ್ ಹೆಸರು ಸಾಕು. ಸಾವಿರಾರು ಜನರನ್ನು ಗುಣಪಡಿಸಿ ಮನೆಗೆ ಕಳಿಸಿದ ಸಂಸ್ಥೆಗಳು ನಮ್ಮ ಬಾಯಲ್ಲಿ ಬೈಗುಳವಾಗಿ ಉಳಿದಿವೆ. ಹೃದ್ರೋಗದ ಆಸ್ಪತ್ರೆಯ ಹೆಸರು ಹೇಳಿ ಯಾರೂ ಯಾರನ್ನೂ ಅಣಕಿಸುವುದಿಲ್ಲವೆಂಬುದನ್ನು ಗಮನಿಸಬೇಕು. ತೀವ್ರ ಮನೋರೋಗ, ಖಿನ್ನತೆ, ಆತಂಕ, ಬಾಣಂತನದ ನಂತರ ಬರುವ ಮನಸ್ಸಿನ ಕ್ಷೋಭೆ, ಮುಪ್ಪಿನ ಮರೆವು, ಹೀಗೆ ಕಾರಣವೂ ಚಿಕಿತ್ಸೆಯೂ ಬೇರೆ ಬೇರೆಯಾದ ಹತ್ತಾರು ಕಾಯಿಲೆಗಳಿಗೆ ನಾವು ಇಟ್ಟುಕೊಂಡಿರುವುದು ಒಂದೇ ಹೆಸರು. ಆ ಹೆಸರಿನ ಜೊತೆಗೆ ಒಂದು ಚಿತ್ರವೂ ಇದೆ: ಹರಕು ಬಟ್ಟೆ, ಕೆದರಿದ ಕೂದಲು, ಕೈಯಲ್ಲಿ ಕಲ್ಲು. ಖಿನ್ನತೆಗೊಳಗಾದ ಗೃಹಿಣಿಯೊಬ್ಬಳು ಕನ್ನಡಿಯ ಮುಂದೆ ನಿಂತು ತನ್ನನ್ನು ಆ ಚಿತ್ರದೊಡನೆ ಹೋಲಿಸಿಕೊಳ್ಳುತ್ತಾಳೆ. ‘ನಾನು ಹಾಗಿಲ್ಲ, ಆದ್ದರಿಂದ ನನಗೇನೂ ಆಗಿಲ್ಲ’ ಎಂದುಕೊಳ್ಳುತ್ತಾಳೆ, ಇಲ್ಲವೇ ‘ನಾನೂ ಹಾಗಾಗಿಬಿಡುವೆನೇ’ ಎಂದು ನಡುಗುತ್ತಾಳೆ. ಎರಡರಲ್ಲಿ ಯಾವುದಾದರೂ ಅವಳು ವೈದ್ಯರ ಬಳಿಗೆ ಹೋಗುವುದಿಲ್ಲ.

ಈ ಹೆಸರು ಒಬ್ಬ ವ್ಯಕ್ತಿಯನ್ನು ಏನು ಮಾಡಬಲ್ಲದೆಂಬುದನ್ನು ಕನ್ನಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಂಡವರು ತ್ರಿವೇಣಿಯವರು. ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ಆ ಲೇಖಕಿಯ ‘ಶರಪಂಜರ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಚಲನಚಿತ್ರವಾಗಿಸಿದರು. ನಮ್ಮ ಓದುಗರಲ್ಲಿ ಹಿರಿಯರಾದವರು ಅದರಲ್ಲಿನ ಕಲ್ಪನಾ ಅವರ ಅಭಿನಯವನ್ನು ಮರೆತಿರಲಾರರು. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆತು ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಕಥೆಯ ನಿಜವಾದ ದುರಂತ ಆರಂಭವಾಗುವುದು ಅಲ್ಲಿಂದ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ನೆರೆಹೊರೆಯವರು ಅಂಜಿ ದೂರ ಸರಿಯುತ್ತಾರೆ. ಕಟ್ಟಿಕೊಂಡ ಗಂಡನೇ ಪರಕೀಯನಂತೆ ವರ್ತಿಸುತ್ತಾನೆ. ತನಗೆ ಗುಣವಾಗಿದೆಯೆಂದು ಅವಳು ಎಷ್ಟು ಬಲವಾಗಿ ಹೇಳಿದರೆ ಅಷ್ಟು ಬಲವಾಗಿ, ಇನ್ನೂ ಗುಣವಾಗಿಲ್ಲವೆಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ವೈದ್ಯರು ವಾಸಿಮಾಡಿ ಕಳಿಸಿದವಳನ್ನು ಸುತ್ತಲಿನವರ ದೃಷ್ಟಿ ಮತ್ತೆ ಆಸ್ಪತ್ರೆಗೆ ತಲುಪಿಸುತ್ತದೆ. ಚಿತ್ರ ತೆರೆಕಂಡು ಅರ್ಧ ಶತಮಾನ ಕಳೆದಿದೆ. ಅಂದು ಇಲ್ಲದಿದ್ದ ಎಷ್ಟೋ ಔಷಧಿಗಳು ಇಂದು ಬಂದಿವೆ. ಆಸ್ಪತ್ರೆಯಿಂದ ಮರಳಿದ ಸೊಸೆಯನ್ನು ಮನೆಯವರು ನೋಡುವ ನೋಟ ಎಷ್ಟು ಬದಲಾಗಿದೆಯೆಂದು ಪ್ರತಿಯೊಂದು ಕುಟುಂಬವೂ ತನ್ನನ್ನೇ ಕೇಳಿಕೊಳ್ಳಬೇಕು.

ಇದು ಕಥೆ, ಕಥೆಯಲ್ಲಿ ಏನು ಬೇಕಾದರೂ ಆಗಬಹುದು ಎನ್ನುವವರಿದ್ದಾರೆ. ಅಂಥವರಿಗಾಗಿ ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ನಡೆದ ಪ್ರಯೋಗವನ್ನು ಹೇಳಬೇಕು. ಅದು ಮನೋರೋಗಕ್ಕೆ ಸಂಬಂಧಿಸಿದ್ದಲ್ಲ, ಜಾತಿಗೆ ಸಂಬಂಧಿಸಿದ್ದು. ಆದರೆ ಹೊರಗಿನವರು ಅಂಟಿಸಿದ ಹೆಸರು ಮನುಷ್ಯನ ಒಳಗೆ ಹೇಗೆ ಇಳಿಯುತ್ತದೆಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಪ್ರಯೋಗ ನಮ್ಮ ದೇಶದಲ್ಲಿ ವಿರಳ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಆರು ಮತ್ತು ಏಳನೆಯ ತರಗತಿಯ ಬಾಲಕರಿಗೆ ಕಾಗದದ ಮೇಲೆ ಬರೆದ ಚಕ್ರವ್ಯೂಹದಂಥ ದಾರಿಯನ್ನು ಬಿಡಿಸುವ ಕೆಲಸ ಕೊಟ್ಟರು. ಬಿಡಿಸಿದ ಪ್ರತಿಯೊಂದಕ್ಕೂ ಹಣವಿತ್ತು. ಯಾರ ಜಾತಿಯನ್ನೂ ಹೇಳದೆ ಕೂರಿಸಿದಾಗ ಮೇಲ್ಜಾತಿಯೆನಿಸಿಕೊಂಡವರ ಮಕ್ಕಳೂ ದಲಿತರ ಮಕ್ಕಳೂ ಹೆಚ್ಚುಕಡಿಮೆ ಸರಿಸಮನಾಗಿ ಬಿಡಿಸಿದರು. ಅನಂತರ ಬೇರೆ ಗುಂಪುಗಳಲ್ಲಿ ಪ್ರತಿಯೊಬ್ಬ ಬಾಲಕನ ಹೆಸರು, ತಂದೆಯ ಹೆಸರು, ಜಾತಿ ಎಲ್ಲವನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿ ಕೆಲಸ ಕೊಟ್ಟರು. ದಲಿತ ಬಾಲಕರ ಸಾಧನೆ ಗಣನೀಯವಾಗಿ ಕುಸಿಯಿತು. ಬುದ್ಧಿ ಅದೇ, ಕೈ ಅದೇ, ಕಾಗದ ಅದೇ. ಬದಲಾದದ್ದು ನಾಲ್ಕು ಜನರೆದುರು ಉಚ್ಚರಿಸಿದ ಒಂದು ಶಬ್ದ ಮಾತ್ರ. ಇಂಥ ಒಂದು ಶಬ್ದಕ್ಕೆ ಅರ್ಧ ಗಂಟೆಯಲ್ಲಿ ಇಷ್ಟು ಶಕ್ತಿಯಿದ್ದರೆ, ‘ದಡ್ಡ’, ‘ಕರಿಯ’, ‘ಅಳುಬುರುಕಿ’, ‘ತಲೆ ನೆಟ್ಟಗಿಲ್ಲ’ ಎಂಬ ಮಾತುಗಳನ್ನು ಹತ್ತಿಪ್ಪತ್ತು ವರ್ಷ ಕೇಳುತ್ತ ಬೆಳೆದ ಮನಸ್ಸಿನ ಗತಿಯೇನೆಂದು ಊಹಿಸಬಹುದು. ಅದು ತನ್ನನ್ನು ತಾನು ನೋಡಿಕೊಳ್ಳುವುದೇ ಆ ಮಾತುಗಳ ಮೂಲಕ.

ನಮ್ಮ ಸಮಾಜದಲ್ಲಿ ಈ ಭಾರ ಇಮ್ಮಡಿಯಾಗುವುದಕ್ಕೆ ಇನ್ನೊಂದು ಕಾರಣವಿದೆ. ಪಾಶ್ಚಾತ್ಯರಲ್ಲಿ ‘ನಾನು’ ಎಂದರೆ ಬಹುಮಟ್ಟಿಗೆ ಒಬ್ಬ ವ್ಯಕ್ತಿ. ಏಷ್ಯಾದ ಜನರಲ್ಲಿ ‘ನಾನು’ ಎಂಬುದು ಸುತ್ತಲಿನ ಸಂಬಂಧಗಳಲ್ಲಿ ಹೆಣೆದುಕೊಂಡಿರುತ್ತದೆಂದು ಹೇಝಲ್ ಮಾರ್ಕಸ್ ಮತ್ತು ಶಿನೋಬು ಕಿಟಯಾಮ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ವಿಸ್ತಾರವಾಗಿ ವಾದಿಸಿದರು. ಇಷ್ಟನ್ನು ತಿಳಿಯಲು ನಮಗೆ ಮನಶ್ಶಾಸ್ತ್ರಜ್ಞರೇ ಬೇಕಾಗಿರಲಿಲ್ಲವೆನ್ನಿ. ಅಪರಿಚಿತರನ್ನು ನಾವು ಮೊದಲು ಕೇಳುವುದೇ ‘ಯಾವ ಊರು, ಯಾರ ಮನೆಯವರು’ ಎಂದು. ‘ಚಲೋ ಮನೆತನದವರು’ ಎಂಬ ಉತ್ತರ ಹುಟ್ಟುವುದು ಇಲ್ಲಿಂದಲೇ. ಒಬ್ಬನ ಯಶಸ್ಸು ಮನೆತನದ ಯಶಸ್ಸಾಗುವ ಕಡೆ ಒಬ್ಬನ ಕಾಯಿಲೆಯೂ ಮನೆತನದ ಕಳಂಕವಾಗುತ್ತದೆ. ಅಣ್ಣನಿಗೆ ಮನೋರೋಗವಿದೆಯೆಂದು ತಿಳಿದರೆ ತಂಗಿಗೆ ಬಂದ ಸಂಬಂಧ ಮುರಿದುಬೀಳುತ್ತದೆ. ಆದ್ದರಿಂದ ಅಣ್ಣನನ್ನು ಒಳಗಿನ ಕೋಣೆಯಲ್ಲಿಡುತ್ತಾರೆ. ನೆಂಟರು ಬಂದಾಗ ‘ಹೊಲಕ್ಕೆ ಹೋಗಿದ್ದಾನೆ’ ಎನ್ನುತ್ತಾರೆ. ತಂಗಿಯ ಮದುವೆ ಮುಗಿಯುವವರೆಗೆ ಚಿಕಿತ್ಸೆಯನ್ನು ಮುಂದೂಡುತ್ತಾರೆ. ಕಾಯಿಲೆ ಮಾತ್ರ ಮುಹೂರ್ತ ಕಾಯುವುದಿಲ್ಲ. ತೀವ್ರ ಮನೋರೋಗಗಳಲ್ಲಿ ಚಿಕಿತ್ಸೆ ತಡವಾದಷ್ಟು ಗುಣವಾಗುವುದು ಕಷ್ಟವೆಂಬುದು ವೈದ್ಯಲೋಕದಲ್ಲಿ ಸ್ಥಿರಪಟ್ಟ ಸಂಗತಿ.

ಇದಕ್ಕಿಂತ ಘೋರವಾದ ಇನ್ನೊಂದು ರೂಢಿಯಿದೆ. ಕಾಯಿಲೆಯಿದ್ದ ಹುಡುಗಿಗೆ ಚಿಕಿತ್ಸೆಯಿಂದ ಗುಣ ಕಂಡಿರುತ್ತದೆ. ದಿನಕ್ಕೊಂದು ಮಾತ್ರೆಯ ಬಲದಿಂದ ಓದುತ್ತಾಳೆ, ಕೆಲಸ ಮಾಡುತ್ತಾಳೆ, ನಗುತ್ತಾಳೆ. ಮದುವೆ ಗೊತ್ತಾಗುತ್ತದೆ. ಬೀಗರಿಗೆ ಏನನ್ನೂ ತಿಳಿಸಿರುವುದಿಲ್ಲ. ಗಂಡನ ಮನೆಯಲ್ಲಿ ಮಾತ್ರೆಯ ಡಬ್ಬಿ ಯಾರ ಕಣ್ಣಿಗಾದರೂ ಬಿದ್ದೀತೆಂದು ತಾಯಿಯೇ ಅದನ್ನು ಪೆಟ್ಟಿಗೆಯಿಂದ ತೆಗೆದಿಡುತ್ತಾಳೆ. ಹೊಸ ಊರು, ಹೊಸ ಜನ, ನಿದ್ದೆಗೆಟ್ಟ ರಾತ್ರಿಗಳು, ಮೇಲೆ ಮಾತ್ರೆಯೂ ಇಲ್ಲ. ಕೆಲವೇ ವಾರಗಳಲ್ಲಿ ಕಾಯಿಲೆ ಮರುಕಳಿಸುತ್ತದೆ. ‘ಹುಚ್ಚಿಯನ್ನು ನಮ್ಮ ಕೊರಳಿಗೆ ಕಟ್ಟಿದರು’ ಎಂದು ಅವರು, ‘ಅವರ ಮನೆಗೆ ಹೋದ ಮೇಲೆಯೇ ಹೀಗಾಯಿತು’ ಎಂದು ಇವರು. ನ್ಯಾಯಪಂಚಾಯಿತಿಯಲ್ಲಿ ಎಲ್ಲರೂ ಮಾತನಾಡುತ್ತಾರೆ, ಆ ಹುಡುಗಿಯೊಬ್ಬಳನ್ನು ಬಿಟ್ಟು. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆಂಬ ಹಿರಿಯರ ಮಾತಿನಿಂದ ಎಷ್ಟು ಹೆಣ್ಣುಮಕ್ಕಳ ಬಾಳು ಕೆಟ್ಟಿದೆಯೋ ಲೆಕ್ಕವಿಟ್ಟವರಿಲ್ಲ. ಸಂಬಂಧ ಕುದುರುವ ಮೊದಲೇ ಸತ್ಯವನ್ನು ತಿಳಿಸಿ, ವೈದ್ಯರೊಡನೆ ಎರಡೂ ಮನೆಯವರು ಕುಳಿತು ಮಾತನಾಡುವುದು ನಷ್ಟದ ದಾರಿಯೆಂದು ತೋರಬಹುದು. ನಾಲ್ಕು ಸಂಬಂಧಗಳು ತಪ್ಪಿಯೂ ಹೋಗಬಹುದು. ತಿಳಿದು ಒಪ್ಪಿದ ಐದನೆಯ ಮನೆ ಆ ಹುಡುಗಿಗೆ ಸಾಕು.

ಗಂಡಸರ ವಿಷಯದಲ್ಲಿ ರೂಢಿಯ ಹಿಡಿತ ಬೇರೆ ಬಗೆಯದು. ‘ಗಂಡಸಾಗಿ ಅಳುವುದೇ’ ಎಂಬ ಮಾತನ್ನು ಬಾಲ್ಯದಿಂದ ಕೇಳಿ ಬೆಳೆದವನಿಗೆ ಸೋಲನ್ನು ಹೇಳಿಕೊಳ್ಳುವ ಭಾಷೆಯೇ ಬರುವುದಿಲ್ಲ. ಮಳೆ ಕೈಕೊಟ್ಟಿದೆ, ಕೊಳವೆಬಾವಿ ಬತ್ತಿದೆ, ಸಾಲಗಾರರು ಮನೆಬಾಗಿಲಿಗೆ ಬಂದಿದ್ದಾರೆ. ಮನೆಯ ಯಜಮಾನ ಮಾತು ಕಡಿಮೆ ಮಾಡುತ್ತಾನೆ, ಕಟ್ಟೆಗೆ ಹೋಗುವುದನ್ನು ಬಿಡುತ್ತಾನೆ, ಕುಡಿತ ಹೆಚ್ಚುತ್ತದೆ. ಸುತ್ತಲಿನವರು ಇದನ್ನು ‘ಸಿಟ್ಟಿನ ಸ್ವಭಾವ’ ಎಂದೋ ‘ಚಟ’ ಎಂದೋ ಕರೆದು ಸುಮ್ಮನಾಗುತ್ತಾರೆ. ನಮ್ಮ ದೇಶದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿಯೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ ಹೇಳುತ್ತದೆ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನ ಗಂಡಸರು. ಹೆಂಗಸರು ಬಾವಿಕಟ್ಟೆಯಲ್ಲೋ ನಲ್ಲಿಯ ಬಳಿಯಲ್ಲೋ ಒಬ್ಬರೊಡನೊಬ್ಬರು ಕಣ್ಣೀರು ಹಂಚಿಕೊಳ್ಳುತ್ತಾರೆ. ಗಂಡಸರಿಗೆ ಅಷ್ಟೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ನಮ್ಮ ಸಂಸ್ಕೃತಿಯೇ ರೋಗದ ಮೂಲವೆನ್ನೋಣವೇ? ಹಾಗೆನ್ನುವವರೂ ಇದ್ದಾರೆ, ಅವರ ಮಾತನ್ನು ನಾವು ಒಪ್ಪಲಾರೆವು. ಕಳಂಕವನ್ನು ಹಂಚಿಕೊಳ್ಳುವ ಕುಟುಂಬವೇ ಕಷ್ಟವನ್ನೂ ಹಂಚಿಕೊಳ್ಳುತ್ತದೆ. ಕಳೆದ ಶತಮಾನದ ಐವತ್ತರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಅವರು ಈ ಸತ್ಯವನ್ನು ಕಂಡುಕೊಂಡರು. ಕಿಕ್ಕಿರಿದು ತುಂಬಿದ್ದ ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಕಾಯಿಲೆಯ ಬಗ್ಗೆ ತಿಳಿಹೇಳುತ್ತಿದ್ದರು. ಮನೆಯವರೇ ಶುಶ್ರೂಷೆ ಮಾಡುತ್ತ ಕಾಯಿಲೆಯನ್ನು ಅರಿತರು. ಅರಿತಂತೆ ಅಂಜಿಕೆ ಕಳೆಯಿತು. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ರೋಗಿಯನ್ನು ಮನೆಯವರಿಂದ ಬೇರ್ಪಡಿಸಿ ಇಡುವುದೇ ಪದ್ಧತಿಯಾಗಿದ್ದ ಕಾಲವದು.

ಮಠಮಂದಿರಗಳ ಭಕ್ತರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಅಧ್ಯಯನವಿದೆ. ಮೇಲೆ ಹೇಳಿದ ಡಾ. ರಘುರಾಮ್ ಅವರೇ ತಮಿಳುನಾಡಿನ ಹಳ್ಳಿಯೊಂದರ ದೇವಾಲಯದಲ್ಲಿ ಆಶ್ರಯ ಪಡೆದಿದ್ದ 31 ಮನೋರೋಗಿಗಳನ್ನು ಸಂಗಡಿಗರೊಡನೆ ಪರೀಕ್ಷಿಸಿ, 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಅಲ್ಲಿ ರೋಗ ಬಿಡಿಸುವ ವಿಶೇಷ ವಿಧಿಯೇನೂ ಇರಲಿಲ್ಲ. ಬೆಳಗಿನ ಪೂಜೆಯಲ್ಲಿ ಭಾಗವಹಿಸುವುದು, ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು, ಜೊತೆಗೆ ಬಂದ ಮನೆಯವರೊಡನೆ ಇರುವುದು, ಇಷ್ಟೇ. ಅಲ್ಲಿಂದ ಹೊರಡುವ ಹೊತ್ತಿಗೆ ಅವರ ರೋಗಲಕ್ಷಣಗಳು ಸರಾಸರಿ ನೂರಕ್ಕೆ ಇಪ್ಪತ್ತರ ಹತ್ತಿರ ತಗ್ಗಿದ್ದವು. ಬೆದರಿಕೆಯಿಲ್ಲದ, ಆದರಿಸುವ ವಾತಾವರಣವೇ ಇದಕ್ಕೆ ಕಾರಣವಿರಬೇಕೆಂದು ಅವರು ಬರೆದರು. ಕಾಯಕದ ಬೆಲೆಯನ್ನು ಬಲ್ಲ ನಮ್ಮ ಓದುಗರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು. ಆ ಮನುಷ್ಯನನ್ನು ಅಲ್ಲಿ ಯಾರೂ ಹುಚ್ಚನೆಂದು ಕರೆಯಲಿಲ್ಲ, ಕೈಗೊಂದು ಪೊರಕೆ ಕೊಟ್ಟರು. ತಾನೂ ಒಂದು ಕೆಲಸಕ್ಕೆ ಬರುವವನೆಂದು ಅವನು ಅರಿತನು.

ಆದರೆ ಈ ಅಧ್ಯಯನವನ್ನು ತಪ್ಪಾಗಿ ಓದಿಕೊಳ್ಳುವ ಅಪಾಯವುಂಟು. ಗುಡಿಯಲ್ಲಿಟ್ಟರೆ ಸಾಕು, ಔಷಧಿ ಬೇಡವೆಂದು ಅದರ ಅರ್ಥವಲ್ಲ. ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಳಗಿನ ಜಾವ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಮನೋರೋಗಿಗಳು ಸತ್ತರು. ಅವರನ್ನೂ ಅಲ್ಲಿಗೆ ಕರೆತಂದದ್ದು ನಂಬಿಕೆಯೇ. ಇದು ಯಾವುದೇ ಒಂದು ಮತದ ಮಾತಲ್ಲ. ಗಾಳಿ, ದೃಷ್ಟಿ, ಮಾಟವೆಂದು ತಿಂಗಳುಗಟ್ಟಲೆ ಊರೂರು ತಿರುಗಿಸುವ ಅಭ್ಯಾಸ ಎಲ್ಲ ಮತದವರಲ್ಲಿಯೂ ಇದೆ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅಂಥವರಲ್ಲಿ, ಆಯಾ ಕಾಯಿಲೆಗೆ ತಕ್ಕಂತೆ, ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯಿಂದ ದೂರವಿದ್ದರು. ಆಸ್ಪತ್ರೆ ದೂರವೆಂಬುದು ಒಂದು ಕಾರಣ, ಅಂಜಿಕೆ ಇನ್ನೊಂದು.

ಆಸ್ಪತ್ರೆಯ ದೂರವನ್ನು ತಗ್ಗಿಸುವ ಪ್ರಯತ್ನದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಚಿಕಿತ್ಸೆ ನೀಡುವ ಪ್ರಯೋಗ ನಡೆಯಿತು. 1996ರಲ್ಲಿ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಬಳ್ಳಾರಿಯ ಕೆಲಸವೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು ನಿಷೇಧಿಸಿದೆ. ಅಂಜಿಕೆಯನ್ನು ಕಳೆಯುವ ಕೆಲಸವನ್ನು ಮಾತ್ರ ಸರ್ಕಾರ ಮಾಡಲಾರದು. ಅದು ನಡೆಯಬೇಕಾದದ್ದು ಅಡಿಗೆಮನೆಯಲ್ಲಿ, ಕಟ್ಟೆಯ ಮೇಲೆ, ದಾಸೋಹದ ಪಂಕ್ತಿಯಲ್ಲಿ. ಆಸ್ಪತ್ರೆಯಿಂದ ಮರಳಿದವನನ್ನು ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ‘ಹೇಗಿದ್ದೀ ತಮ್ಮಾ, ಈ ವರ್ಷ ಜೋಳ ಹೇಗೆ’ ಎಂದು ಉಳಿದವರನ್ನು ಕೇಳುವಂತೆಯೇ ಕೇಳಬೇಕು. ‘ಈಗ ತಲೆ ಸರಿಯಾಯಿತೇನು’ ಎಂದು ಕೇಳಬಾರದು. ಮಕ್ಕಳೆದುರು ಧಾರವಾಡದ ನಗೆಮಾತನ್ನು ಆಡುವುದನ್ನು ಬಿಡಬೇಕು. ಮಠಕ್ಕೆ ರೋಗಿಯನ್ನು ಕರೆತರುವವರು ವೈದ್ಯರ ಚೀಟಿಯನ್ನೂ ಜೊತೆಗೆ ತರಲಿ. ವಿಭೂತಿ ಧರಿಸಿದ ಹಣೆಗೂ ಮಾತ್ರೆ ನುಂಗುವ ಬಾಯಿಗೂ ಯಾವ ವೈರವೂ ಇಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆ ದೊರೆಯುವಂತೆ ರಾಜ್ಯದಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮವಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರವೆಂಬುದನ್ನು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು. ಬದುಕು ಬೇಡವೆಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ನಾಟಕವೆನ್ನದೆ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಕೀಟನಾಶಕದಂಥ ವಸ್ತುಗಳನ್ನು ಕೈಗೆ ಸಿಗದಂತೆ ತೆಗೆದಿಟ್ಟು ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.